ಜೀನಿನ ಹೆಸರಷ್ಟೇ ಗೊತ್ತಾದರೆ ಸಾಲದು: ಶ್ವಾಸಕೋಶದ ಕ್ಯಾನ್ಸರ್‌ಗೆ ಟಾರ್ಗೆಟೆಡ್ ಔಷಧ ಯಾರಿಗೆ ಹಿಡಿಯುತ್ತದೆ, ಯಾರಿಗೆ ಇಲ್ಲ

2003ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೆಫಿಟಿನಿಬ್ ಎಂಬ ಟಾರ್ಗೆಟೆಡ್ ಮಾತ್ರೆಗೆ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನೇ ಗುರಿಯಾಗಿಸಿಕೊಂಡ ಔಷಧಕ್ಕೆ, ಒಪ್ಪಿಗೆ ಕೊಟ್ಟಿತು. ಅದು ಯಾರಿಗೆ ಕೆಲಸ ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದು ಆಗ ಅದನ್ನು ತಯಾರಿಸಿದವರಿಗೂ ಗೊತ್ತಿರಲಿಲ್ಲ. ಬೇರೆ ಚಿಕಿತ್ಸೆಗಳು ಸೋತ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ, ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರ ಗಡ್ಡೆ ಮಾತ್ರ ಕುಗ್ಗಿತು. ಆದರೆ ಆ ಒಬ್ಬರಲ್ಲಿ ಅದು ಕುಗ್ಗಿದ ರೀತಿ ವೈದ್ಯರನ್ನೇ ಬೆರಗುಗೊಳಿಸುವಂತಿತ್ತು. ಉಸಿರಾಡಲು ಕಷ್ಟಪಡುತ್ತಿದ್ದವರು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡರು. ಉಳಿದವರಲ್ಲಿ ಬಹುಪಾಲು ಮಂದಿಗೆ ಮೈಮೇಲೆ ಗುಳ್ಳೆ, ಭೇದಿ ಬಿಟ್ಟರೆ ಹೆಚ್ಚೇನೂ ದಕ್ಕಲಿಲ್ಲ.

ಸುಳಿವುಗಳೇನೋ ಇದ್ದವು. ಫಲ ಕಂಡವರಲ್ಲಿ ಹೆಂಗಸರು ಹೆಚ್ಚು, ಎಂದೂ ಧೂಮಪಾನ ಮಾಡದವರು ಹೆಚ್ಚು, ಜಪಾನೀಯರು ಹೆಚ್ಚು, ಕ್ಯಾನ್ಸರಿನ ಬಗೆಗಳಲ್ಲಿ ಅಡಿನೊಕಾರ್ಸಿನೋಮ ಹೆಚ್ಚು. ಆದರೆ ಲಿಂಗ, ದೇಶ, ಚಟ ಇವು ಯಾವುವೂ ಔಷಧ ಹೋಗಿ ಅಂಟಿಕೊಳ್ಳುವ ಜಾಗಗಳಲ್ಲ. 2004ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರದ ಎರಡು ತಂಡಗಳು ಬಹುತೇಕ ಒಟ್ಟಿಗೇ ಉತ್ತರ ಕೊಟ್ಟವು. ಕೆಲವು ತಿಂಗಳಲ್ಲಿ ನ್ಯೂಯಾರ್ಕಿನ ಇನ್ನೊಂದು ತಂಡವೂ ಅದನ್ನೇ ಹೇಳಿತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಔಷಧಕ್ಕೆ ಸ್ಪಂದಿಸಿದ 9 ಮಂದಿಯ ಗಡ್ಡೆಯ ಡಿಎನ್‌ಎ ಓದಿದ್ದರು. ಅವರಲ್ಲಿ 8 ಮಂದಿಯ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್ ಮಾರ್ಪಟ್ಟಿತ್ತು. ಸ್ಪಂದಿಸದ 7 ಮಂದಿಯಲ್ಲಿ ಒಬ್ಬರಲ್ಲೂ ಆ ಮಾರ್ಪಾಟು ಇರಲಿಲ್ಲ.

ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕ ಮೇಲೂ ಔಷಧ ಬಹುತೇಕ ಮೂಲೆ ಸೇರಿತ್ತು ಎಂಬುದು ಸೋಜಿಗ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮ್ಯುಟೇಶನ್ (ಜೀನಿನ ಮಾರ್ಪಾಟು) ಪರೀಕ್ಷೆ ಮಾಡದೆ ಎಲ್ಲ ಬಗೆಯ ರೋಗಿಗಳನ್ನೂ ಸೇರಿಸಿಕೊಂಡು ನಡೆದ ಐಸೆಲ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಜೆಫಿಟಿನಿಬ್ ಪಡೆದವರು ಒಟ್ಟಾರೆ ಹೆಚ್ಚು ಕಾಲ ಬದುಕಲಿಲ್ಲ. 2005ರಲ್ಲಿ ಎಫ್‌ಡಿಎ ಹೊಸ ರೋಗಿಗಳಿಗೆ ಅದನ್ನು ಕೊಡುವುದನ್ನು ಬಿಗಿಗೊಳಿಸಿತು. ಒಬ್ಬರಿಗೆ ಸಿಗುವ ದೊಡ್ಡ ಫಲವನ್ನು ಫಲವೇ ಇಲ್ಲದ ಒಂಬತ್ತು ಮಂದಿಯ ಜೊತೆ ಕೂಡಿಸಿ ಭಾಗಿಸಿದರೆ ಕೈಗೆ ಬರುವುದು ಸೊನ್ನೆಗೆ ಹತ್ತಿರದ ಒಂದು ಅಂಕಿ. ತಪ್ಪು ಔಷಧದ್ದಾಗಿರಲಿಲ್ಲ, ಸರಾಸರಿಯದಾಗಿತ್ತು.

2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನ ಆ ಗಂಟನ್ನು ಬಿಡಿಸಿತು. ಪೂರ್ವ ಏಷ್ಯಾದ 1,217 ರೋಗಿಗಳು, ಎಲ್ಲರಿಗೂ ಅಡಿನೊಕಾರ್ಸಿನೋಮ, ಬಹುತೇಕರು ಎಂದೂ ಧೂಮಪಾನ ಮಾಡದವರು. ಹೊರನೋಟಕ್ಕೆ ಒಂದೇ ಬಗೆಯ ಈ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಜೆಫಿಟಿನಿಬ್, ಅರ್ಧದಷ್ಟು ಮಂದಿಗೆ ಕೀಮೊಥೆರಪಿ ಕೊಡಲಾಯಿತು. ಇಜಿಎಫ್‌ಆರ್ ಮ್ಯುಟೇಶನ್ ಇದ್ದವರಲ್ಲಿ ಮಾತ್ರೆಗೆ ಗಡ್ಡೆ ಕುಗ್ಗಿದ್ದು ಶೇ 71.2 ಮಂದಿಯಲ್ಲಿ, ಕೀಮೊಗೆ ಕುಗ್ಗಿದ್ದು ಶೇ 47.3 ಮಂದಿಯಲ್ಲಿ. ಮ್ಯುಟೇಶನ್ ಇಲ್ಲದವರಲ್ಲಿ ಕೀಮೊಗೆ ಶೇ 23.5, ಮಾತ್ರೆಗೆ ಶೇ 1.1. ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಮ್ಯುಟೇಶನ್ ಇಲ್ಲದವರಿಗೆ ಈ ಮಾತ್ರೆ ಕೊಡುವುದೆಂದರೆ ಬರೀ ವ್ಯರ್ಥ ಪ್ರಯತ್ನವಲ್ಲ. ಅವರಿಗೆ ಒಗ್ಗಬಹುದಾಗಿದ್ದ ಕೀಮೊವನ್ನು ಅಷ್ಟು ದಿನ ತಪ್ಪಿಸಿದ ಹಾಗೆ. ಆ ಗುಂಪಿನಲ್ಲಿ ಮಾತ್ರೆ ಪಡೆದವರ ರೋಗ ಉಲ್ಬಣಿಸುವ ಅಪಾಯ ಕೀಮೊ ಪಡೆದವರಿಗಿಂತ ಸುಮಾರು ಮೂರು ಪಟ್ಟಿತ್ತು. ಅಮೆರಿಕದಲ್ಲಿ ಜೆಫಿಟಿನಿಬ್ ಮತ್ತೆ ಮುನ್ನೆಲೆಗೆ ಬಂದದ್ದು 2015ರಲ್ಲಿ, ಮ್ಯುಟೇಶನ್ ಪರೀಕ್ಷೆಯನ್ನು ಜೊತೆಗಿಟ್ಟುಕೊಂಡೇ.

ಒಂದು ಅಕ್ಷರ ಕೆಟ್ಟಾಗ

ಇಲ್ಲಿ ಮ್ಯುಟೇಶನ್ ಎಂದರೆ ಗಡ್ಡೆಯ ಜೀವಕೋಶಗಳ ಡಿಎನ್‌ಎಯಲ್ಲಿ, ಬದುಕಿನ ಯಾವುದೋ ಘಟ್ಟದಲ್ಲಿ ಆದ ಬದಲಾವಣೆ. ‘ಹಾಗಾದರೆ ಮಕ್ಕಳಿಗೂ ಬರುತ್ತದೆಯೇ?’ ಎಂಬುದು ಮನೆಯವರು ಮೊದಲು ಕೇಳುವ ಪ್ರಶ್ನೆ. ತೀರಾ ಅಪರೂಪದ ಪ್ರಸಂಗಗಳನ್ನು ಬಿಟ್ಟರೆ ಇವು ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಇಜಿಎಫ್‌ಆರ್ ಜೀನಿನ ಸೂಚನೆಯಂತೆ ತಯಾರಾಗುವ ಇಜಿಎಫ್‌ಆರ್ ಪ್ರೋಟೀನ್ ಜೀವಕೋಶದ ಹೊರಪೊರೆಯನ್ನು ಹಾದು ನಿಂತಿರುತ್ತದೆ. ಹೊರಗಿನಿಂದ ಬೆಳವಣಿಗೆಯ ಸಂದೇಶ ಬಂದಾಗ ಮಾತ್ರ ಒಳಭಾಗ ಚುರುಕಾಗಿ ‘ವಿಭಜನೆಯಾಗು’ ಎಂಬ ಆದೇಶವನ್ನು ಮುಂದಕ್ಕೆ ದಾಟಿಸಬೇಕು. ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಕೊಂಡಿಗಳ ಸರಪಳಿ; ಈ ಪ್ರೋಟೀನಿನ ಉದ್ದ 1,210 ಅಮೈನೊ ಆಮ್ಲಗಳು. 858ನೆಯ ಸ್ಥಾನಕ್ಕೆ ಡಿಎನ್‌ಎಯಲ್ಲಿ ಸಿ-ಟಿ-ಜಿ ಎಂಬ ಮೂರು ಅಕ್ಷರಗಳಿವೆ. ಅಲ್ಲಿ ಲ್ಯೂಸಿನ್ ಬರಬೇಕು ಎಂದು ಅರ್ಥ. ನಡುವಿನ ಟಿ ಹೋಗಿ ಜಿ ಬಂದರೆ ಅದು ಸಿ-ಜಿ-ಜಿ ಆಗುತ್ತದೆ, ಲ್ಯೂಸಿನ್ ಬದಲು ಅರ್ಜಿನಿನ್ ಬಂದು ಕೂರುತ್ತದೆ. ಲ್ಯೂಸಿನ್‌ಗೆ ನೀರೆಂದರೆ ಆಗದು, ಪ್ರೋಟೀನಿನ ಒಳಮಡಿಕೆಯಲ್ಲಿ ಹುದುಗಿರುತ್ತದೆ. ಅರ್ಜಿನಿನ್ ಗಾತ್ರದಲ್ಲಿ ದೊಡ್ಡದು, ಧನ ವಿದ್ಯುದಾವೇಶ ಹೊತ್ತದ್ದು. ಆ ಮಡಿಕೆಯಲ್ಲಿ ಅದಕ್ಕೆ ಜಾಗವಿಲ್ಲ. ಪ್ರೋಟೀನ್ ಸುಮ್ಮನಿರಬೇಕಾದ ಭಂಗಿಗೆ ಮರಳಲಾಗದೆ ಸದಾ ಚುರುಕಾಗಿಯೇ ಉಳಿದುಬಿಡುತ್ತದೆ. ವರದಿಯಲ್ಲಿ ‘ಎಲ್858ಆರ್’ ಎಂದು ಕಾಣುವುದು ಇದೇ ಬದಲಾವಣೆ: ಎಲ್ ಎಂದರೆ ಲ್ಯೂಸಿನ್, ಆರ್ ಎಂದರೆ ಅರ್ಜಿನಿನ್, ನಡುವಿನದು ಸ್ಥಾನ. ಇನ್ನೊಂದು ಸಾಮಾನ್ಯ ಬದಲಾವಣೆ ‘ಎಕ್ಸಾನ್ 19 ಡಿಲೀಶನ್’ (ಎಕ್ಸಾನ್ ಎಂದರೆ ಜೀನಿನ ಒಂದು ಖಂಡ); ಇದರಲ್ಲಿ 746ರಿಂದ 750ರವರೆಗಿನ ಆಸುಪಾಸಿನ ನಾಲ್ಕಾರು ಅಮೈನೊ ಆಮ್ಲಗಳೇ ಕಾಣೆಯಾಗಿರುತ್ತವೆ. ಇಜಿಎಫ್‌ಆರ್ ಮ್ಯುಟೇಶನ್‌ಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಈ ಎರಡೇ.

ಪ್ರೋಟೀನ್ ಇಷ್ಟು ಹುಚ್ಚೆದ್ದಿದ್ದರೆ ಅದನ್ನು ತಡೆಯಲು ಹೆಚ್ಚು ಔಷಧ ಬೇಕಲ್ಲವೇ? ಅಲ್ಲೇ ಇರುವುದು ಈ ವಿಷಯದ ಸ್ವಾರಸ್ಯ. ಪ್ರೋಟೀನಿನ ಒಳಭಾಗದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಬಂದು ಕೂರುವ ಒಂದು ಕುಳಿ ಇದೆ. ಜೆಫಿಟಿನಿಬ್, ಎರ್ಲೊಟಿನಿಬ್‌ನಂಥ ಔಷಧಗಳು ಕೂರಲು ಬಯಸುವುದೂ ಅಲ್ಲೇ. ಒಂದು ಕುರ್ಚಿ, ಇಬ್ಬರು ಹುರಿಯಾಳುಗಳು. ಸಹಜವಾದ ಪ್ರೋಟೀನಿನಲ್ಲಿ ಎಟಿಪಿಯ ಹಿಡಿತ ಬಲವಾಗಿರುತ್ತದೆ. ಎಲ್858ಆರ್ ಆದಾಗ ಕುರ್ಚಿಯ ಆಕಾರ ತುಸು ಬದಲಾಗಿ ಎಟಿಪಿಯ ಹಿಡಿತ ಸಡಿಲವಾಗುತ್ತದೆ. ಔಷಧದ ಹಿಡಿತ ಸುಮಾರು 20 ಪಟ್ಟು ಬಿಗಿಯಾಗುತ್ತದೆ. ಗಡ್ಡೆಯನ್ನು ಬೆಳೆಸಿದ ಬದಲಾವಣೆಯೇ ಔಷಧಕ್ಕೆ ಬಾಗಿಲು ತೆರೆದುಕೊಟ್ಟಿರುತ್ತದೆ. ಆರೋಗ್ಯವಂತ ಜೀವಕೋಶಗಳ ಇಜಿಎಫ್‌ಆರ್‌ಗೆ ಹೆಚ್ಚು ಹಾನಿ ಮಾಡದೆ ಗಡ್ಡೆಯ ಇಜಿಎಫ್‌ಆರ್ ಅನ್ನು ತಡೆಯಲು ಸಾಧ್ಯವಾಗುವುದೂ ಇದರಿಂದಲೇ. ಪೂರ್ತಿ ಹಾನಿಯಿಲ್ಲದೆ ಅಲ್ಲ. ಚರ್ಮದಲ್ಲೂ ಕರುಳಿನಲ್ಲೂ ಇದೇ ಪ್ರೋಟೀನ್ ಇರುವುದರಿಂದಲೇ ಗುಳ್ಳೆ, ಭೇದಿ ಕಾಣಿಸಿಕೊಳ್ಳುವುದು.

ಆದೇಶ ನಿಂತ ಮಾತ್ರಕ್ಕೆ ಜೀವಕೋಶ ಸಾಯಬೇಕೆಂದೇನಿಲ್ಲ, ಸುಮ್ಮನೆ ಬೆಳೆಯುವುದನ್ನು ನಿಲ್ಲಿಸಬಹುದಿತ್ತು. ಆದರೆ ಈ ಬಗೆಯ ಗಡ್ಡೆಗಳು ಬದುಕುಳಿಯಲು ಕೂಡ ಅದೊಂದೇ ಆದೇಶವನ್ನು ನಂಬಿಕೊಂಡಿರುತ್ತವೆ. ವಿಜ್ಞಾನಿಗಳು ಇದನ್ನು ಗಡ್ಡೆಯ ವ್ಯಸನ ಎನ್ನುತ್ತಾರೆ. ಕ್ಯಾನ್ಸರ್ ಜೀವಕೋಶದಲ್ಲಿ ನೂರಾರು ಬದಲಾವಣೆಗಳಿರಬಹುದು, ಅವುಗಳಲ್ಲಿ ಹೆಚ್ಚಿನವು ಜೊತೆಗೆ ಬಂದ ಪ್ರಯಾಣಿಕರು. ಗಡ್ಡೆಯನ್ನು ನಡೆಸುತ್ತಿರುವುದು ಒಂದೋ ಎರಡೋ. ಔಷಧ ಹಿಡಿಯಬೇಕಾದದ್ದು ಅದನ್ನು. ಧೂಮಪಾನ ಮಾಡದವರ ಗಡ್ಡೆಗಳಲ್ಲಿ ಒಟ್ಟು ಬದಲಾವಣೆಗಳು ಕಡಿಮೆ, ಇಂಥ ಒಂಟಿ ಚಾಲಕ ಸಿಗುವ ಸಾಧ್ಯತೆ ಹೆಚ್ಚು. ಪೂರ್ವ ಏಷ್ಯಾದ ಅಡಿನೊಕಾರ್ಸಿನೋಮ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಜಿಎಫ್‌ಆರ್ ಮ್ಯುಟೇಶನ್ ಸಿಗುತ್ತದೆ. ಯುರೋಪ್, ಉತ್ತರ ಅಮೆರಿಕಗಳಲ್ಲಿ ಶೇ 10ರಿಂದ 15. 2003ರ ಆ ಸುಳಿವುಗಳ ಹಿಂದೆ ಇದ್ದದ್ದು ಇದೇ.

ಅದೇ ಜೀನ್, ಬೇರೆ ಜಾಗ

‘ಇಜಿಎಫ್‌ಆರ್ ಪಾಸಿಟಿವ್’ ಎಂಬ ಎರಡು ಪದಗಳನ್ನು ಕೇಳಿ ಸಮಾಧಾನಪಟ್ಟುಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಆತಂಕವಾಗುತ್ತದೆ. ಆ ಮಾತು ಅರ್ಧ ವಿಷಯವನ್ನಷ್ಟೇ ಹೇಳುತ್ತದೆ. ಇದೇ ಜೀನಿನ ಎಕ್ಸಾನ್ 20ರಲ್ಲಿ ಕೆಲವು ಅಮೈನೊ ಆಮ್ಲಗಳು ಹೆಚ್ಚುವರಿಯಾಗಿ ಸೇರಿಕೊಂಡರೆ ಪ್ರೋಟೀನ್ ಅಷ್ಟೇ ಚುರುಕಾಗುತ್ತದೆ, ಆದರೆ ಕುಳಿಯ ಬಾಯಿ ಇಕ್ಕಟ್ಟಾಗಿ ಜೆಫಿಟಿನಿಬ್, ಎರ್ಲೊಟಿನಿಬ್ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಇಂಥವರಿಗೆ ಬೇರೆಯೇ ದಾರಿ ಬೇಕಾಯಿತು. 2021ರಲ್ಲಿ ಬಂದ ಅಮಿವಾಂಟಮಾಬ್ ಮಾತ್ರೆಯಲ್ಲ, ರಕ್ತನಾಳಕ್ಕೆ ಕೊಡುವ ಪ್ರತಿಕಾಯ. ಒಳಗಿನ ಕುಳಿಯ ಗೊಡವೆಗೇ ಹೋಗದೆ ಪ್ರೋಟೀನನ್ನು ಜೀವಕೋಶದ ಹೊರಗಿನಿಂದ ಹಿಡಿಯುತ್ತದೆ. ಕೀಮೊ ಜೊತೆ ಅದನ್ನು ಕೊಟ್ಟಾಗ ರೋಗ ಉಲ್ಬಣಿಸದೆ ಉಳಿದ ಮಧ್ಯಾಂಕ ಅವಧಿ 6.7 ತಿಂಗಳಿಂದ 11.4 ತಿಂಗಳಿಗೆ ಏರಿತು.

ಎಕ್ಸಾನ್ 20 ಎಂದು ಕಂಡೊಡನೆ ಕೈಚೆಲ್ಲುವುದೂ ತಪ್ಪು. 763 ಮತ್ತು 764ನೆಯ ಸ್ಥಾನಗಳ ನಡುವೆ ಎಫ್‌ಕ್ಯೂಇಎ ಎಂಬ ನಾಲ್ಕು ಅಮೈನೊ ಆಮ್ಲಗಳು ಸೇರಿಕೊಂಡಿದ್ದರೆ, ಎಕ್ಸಾನ್ 20ರದ್ದೇ ಆದರೂ ಹಳೆಯ ಮಾತ್ರೆಗಳಿಗೆ ಅದು ಬಗ್ಗುತ್ತದೆ. ಈ ಲೇಖನದಲ್ಲಿ ಮುಂದೆ ಬರುವ ಟಿ790ಎಂ ಕೂಡ ಎಕ್ಸಾನ್ 20ರಲ್ಲೇ ಇದೆ, ಅದಕ್ಕೆ ಮತ್ತೊಂದು ಮಾತ್ರೆ. ಒಂದೇ ಎಕ್ಸಾನಿನಲ್ಲಿ ಮೂರು ಬದಲಾವಣೆ, ಮೂರು ಬೇರೆ ನಿರ್ಧಾರ. ಜಿ719, ಎಲ್861ಕ್ಯೂ, ಎಸ್768ಐ ಮುಂತಾದ ಅಪರೂಪದ ಬದಲಾವಣೆಗಳಿಗೆ 2018ರಲ್ಲಿ ಅಫಾಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅತಿ ಸಾಮಾನ್ಯವಾದ ಎರಡರ ನಡುವೆಯೂ ವ್ಯತ್ಯಾಸವಿದೆ: ಎಕ್ಸಾನ್ 19 ಡಿಲೀಶನ್ ಇರುವವರಲ್ಲಿ ಮಾತ್ರೆಯ ಫಲ ಎಲ್858ಆರ್ ಇರುವವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ನಿಲ್ಲುತ್ತದೆ. ವರದಿಯಲ್ಲಿ ಜೀನಿನ ಹೆಸರಿನ ಮುಂದೆ ಇರುವ ಅಕ್ಷರ ಮತ್ತು ಅಂಕಿಗಳನ್ನು ಕಣ್ಣಾಡಿಸಿ ಬಿಡಬಾರದು.

ಅಕ್ಷರ ಕೆಡುವ ಬದಲು ಎರಡು ಜೀನ್‌ಗಳೇ ತುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದೂ ಉಂಟು. 2ನೇ ಕ್ರೋಮೋಸೋಮಿನ ಒಂದು ತುಣುಕು ತಲೆಕೆಳಗಾಗಿ ಕೂತರೆ ಇಎಂಎಲ್4 ಮತ್ತು ಎಎಲ್‌ಕೆ ಜೀನ್‌ಗಳು ಕೂಡಿಕೊಳ್ಳುತ್ತವೆ. ಹೀಗೆ ಹುಟ್ಟುವ ಪ್ರೋಟೀನ್‌ಗೆ ಬಿಡುವೆಂಬುದೇ ಇಲ್ಲ. ಇದನ್ನು 2007ರಲ್ಲಿ ಕಂಡುಹಿಡಿದದ್ದು ಜಪಾನಿನ ಹಿರೊಯುಕಿ ಮಾನೊ ಅವರ ತಂಡ. ಎಂಇಟಿ ಎಂಬ ಬೇರೊಂದು ಪ್ರೋಟೀನಿಗಾಗಿ ರೂಪಿಸಿದ್ದ ಕ್ರಿಜೊಟಿನಿಬ್ ಎಎಲ್‌ಕೆಯನ್ನೂ ತಡೆಯುತ್ತದೆ ಎಂಬುದು ಗೊತ್ತಿದ್ದುದರಿಂದ, ಪತ್ತೆಯಾಗಿ ನಾಲ್ಕೇ ವರ್ಷದಲ್ಲಿ, 2011ರಲ್ಲಿ, ಔಷಧ ಕೈಗೆ ಬಂತು. ಆಮೇಲೆ ಅಲೆಕ್ಟಿನಿಬ್ ಬಂತು, ಲೊರ್ಲಾಟಿನಿಬ್ ಬಂತು. ಕ್ರೌನ್ ಅಧ್ಯಯನದಲ್ಲಿ ಲೊರ್ಲಾಟಿನಿಬ್ ಪಡೆದವರಲ್ಲಿ ಐದು ವರ್ಷಗಳ ಬಳಿಕವೂ ಶೇ 60 ಮಂದಿಯ ರೋಗ ಹತೋಟಿಯಲ್ಲಿತ್ತು. ಕ್ರಿಜೊಟಿನಿಬ್ ಪಡೆದವರಲ್ಲಿ ಶೇ 8. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಇಂಥ ಅಂಕಿ ಓದುವ ಅಭ್ಯಾಸ ನಮಗಿರಲಿಲ್ಲ. ಈ ಬೆಸುಗೆ ಸಿಗುವುದು ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿಯಲ್ಲಿ ಮಾತ್ರ, ಹುಡುಕದಿದ್ದರೆ ಸಿಗದು.

ಆರ್‌ಒಎಸ್1, ಆರ್‌ಇಟಿ, ಎನ್‌ಟಿಆರ್‌ಕೆ ಬೆಸುಗೆಗಳು, ಎಂಇಟಿ ಜೀನಿನ ಎಕ್ಸಾನ್ 14 ಬಿಟ್ಟುಹೋಗುವುದು, ಬಿಆರ್‌ಎಎಫ್ ವಿ600ಇ, ಎಚ್‌ಇಆರ್2 ಮ್ಯುಟೇಶನ್ ಇವೂ ಇದೇ ಸಾಲಿನವು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಕೆಲವೇ ಶೇಕಡಾ. ಪ್ರತಿಯೊಂದಕ್ಕೂ ಈಗ ಒಪ್ಪಿಗೆ ಪಡೆದ ಔಷಧವಿದೆ.

ಕೆರಾಸ್ ಹಠ

ಕೆರಾಸ್ ಜೀನಿನ ಕಥೆ ಬೇರೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದರ ಪಾತ್ರ 1980ರ ದಶಕದಿಂದಲೇ ಗೊತ್ತು. ಪಾಶ್ಚಾತ್ಯ ದೇಶಗಳ ಅಡಿನೊಕಾರ್ಸಿನೋಮಗಳಲ್ಲಿ ಅತಿ ಹೆಚ್ಚು ಕಂಡುಬರುವ ಚಾಲಕ ಮ್ಯುಟೇಶನ್ ಕೂಡ ಅದೇ. ಆದರೂ ಮೂರು ದಶಕ ಅದಕ್ಕೆ ಮದ್ದಿರಲಿಲ್ಲ. ಈ ಪ್ರೋಟೀನ್ ಜಿಟಿಪಿ ಎಂಬ ಅಣುವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂದರೆ ಅದನ್ನು ಬಿಡಿಸಿ ಒಳನುಗ್ಗುವುದು ಯಾವ ಔಷಧಕ್ಕೂ ಆಗದ ಕೆಲಸ. ಉಳಿದ ಮೈ ನುಣುಪು, ಅಂಟಿಕೊಳ್ಳಲು ಆಳವಾದ ಕುಳಿಯೇ ಇಲ್ಲ.

ದಾರಿ ತೋರಿದ್ದು ಒಂದು ನಿರ್ದಿಷ್ಟ ಮ್ಯುಟೇಶನ್. 12ನೆಯ ಸ್ಥಾನದ ಜಿ-ಜಿ-ಟಿಯಲ್ಲಿ ಮೊದಲ ಅಕ್ಷರ ಟಿ ಆದರೆ ಗ್ಲೈಸಿನ್ ಇದ್ದ ಕಡೆ ಸಿಸ್ಟೀನ್ ಬರುತ್ತದೆ. ಜಿಯಿಂದ ಟಿಗೆ ಆಗುವ ಈ ಪಲ್ಲಟ ತಂಬಾಕಿನ ಹೊಗೆ ಡಿಎನ್‌ಎ ಮೇಲೆ ಬಿಡುವ ಗುರುತು. ಜಿ12ಸಿ ಹೆಚ್ಚಾಗಿ ಧೂಮಪಾನಿಗಳಲ್ಲಿ ಸಿಗುವುದು ಆಕಸ್ಮಿಕವಲ್ಲ. ಸಿಸ್ಟೀನಿನಲ್ಲಿರುವ ಗಂಧಕದ ಪರಮಾಣು ಬೇರೆ ಅಣುಗಳ ಜೊತೆ ಶಾಶ್ವತ ಬಂಧ ಬೆಸೆಯಬಲ್ಲದು. 2013ರಲ್ಲಿ ಕ್ಯಾಲಿಫೋರ್ನಿಯಾದ ಕೆವನ್ ಶೋಕಾಟ್ ಅವರ ತಂಡ ಆ ಸಿಸ್ಟೀನಿಗೆ ಅಂಟುವ ಅಣುಗಳನ್ನು ಹುಡುಕುತ್ತ ಹೋದಾಗ, ಅದುವರೆಗೆ ಯಾರೂ ಗಮನಿಸದ ಒಂದು ಕುಳಿ ಪಕ್ಕದಲ್ಲೇ ಕಂಡಿತು. 2021ರಲ್ಲಿ ಸೊಟೊರಾಸಿಬ್‌ಗೆ, 2022ರಲ್ಲಿ ಅಡಾಗ್ರಾಸಿಬ್‌ಗೆ ಒಪ್ಪಿಗೆ ಸಿಕ್ಕಿತು. ಅದೇ 12ನೆಯ ಸ್ಥಾನದಲ್ಲಿ ಸಿಸ್ಟೀನಿನ ಬದಲು ಆಸ್ಪಾರ್ಟಿಕ್ ಆಮ್ಲವೋ ವ್ಯಾಲಿನ್ನೋ ಬಂದಿದ್ದರೆ ಈ ಮಾತ್ರೆಗಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಸಂಭ್ರಮ ಜೋರಾಗಿಯೇ ನಡೆಯಿತು. ಫಲಿತಾಂಶ ಅದಕ್ಕಿಂತ ತಗ್ಗಿನಲ್ಲಿದೆ. ಸೊಟೊರಾಸಿಬ್‌ಗೆ ಗಡ್ಡೆ ಕುಗ್ಗಿದ್ದು ಶೇ 37 ಮಂದಿಯಲ್ಲಿ. ಡೊಸಿಟಾಕ್ಸೆಲ್ ಎಂಬ ಹಳೆಯ ಕೀಮೊ ಜೊತೆ ಹೋಲಿಸಿದಾಗ ರೋಗ ಹತೋಟಿಯಲ್ಲಿದ್ದ ಮಧ್ಯಾಂಕ ಅವಧಿ 5.6 ತಿಂಗಳು, ಕೀಮೊದಲ್ಲಿ 4.5. ಕೆರಾಸ್ ಗಡ್ಡೆಗಳು ಹೆಚ್ಚಾಗಿ ಹೊಗೆ ಕುಡಿದ ಗಡ್ಡೆಗಳು; ಒಂದರ ಹಿಂದೆ ನೂರು ಬದಲಾವಣೆ. ಒಂದೇ ಚಾಲಕನ ಮೇಲೆ ಅವುಗಳ ಅವಲಂಬನೆ ಕಡಿಮೆ.

ಚಾಲಕ ಮ್ಯುಟೇಶನ್ ಜೊತೆ ಇನ್ನಾವುದು ಕೆಟ್ಟಿದೆ ಎಂಬುದೂ ಆದ್ದರಿಂದಲೇ ಮುಖ್ಯವಾಗುತ್ತದೆ. ಕೆರಾಸ್ ಜೊತೆ ಕೆಇಎಪಿ1 ಜೀನೂ ಕೆಟ್ಟಿದ್ದರೆ ಔಷಧದ ಫಲ ಕುಂದುತ್ತದೆ. ಇಜಿಎಫ್‌ಆರ್ ಜೊತೆ ಟಿಪಿ53 ಕೆಟ್ಟಿದ್ದರೆ ಮಾತ್ರೆ ಹಿಡಿಯುತ್ತದೆ, ಆದರೆ ಹೆಚ್ಚು ಕಾಲ ಅಲ್ಲ. ಇವುಗಳ ನಡುವೆ ಹುಟ್ಟಿನಿಂದಲೇ ಬರುವ ಒಂದು ವ್ಯತ್ಯಾಸವನ್ನೂ 2012ರಲ್ಲಿ ಗುರುತಿಸಲಾಯಿತು. ಜೀವಕೋಶಕ್ಕೆ ಸಾಯಲು ನೆರವಾಗುವ ಬಿಐಎಂ ಎಂಬ ಪ್ರೋಟೀನಿದೆ. ಅದರ ಜೀನಿನಲ್ಲಿ ಒಂದು ತುಣುಕು ಪೂರ್ವ ಏಷ್ಯಾದ ಸುಮಾರು ಶೇ 12 ಮಂದಿಯಲ್ಲಿ ಇರುವುದಿಲ್ಲ. ಔಷಧ ಆದೇಶವನ್ನು ಸರಿಯಾಗಿಯೇ ನಿಲ್ಲಿಸಿದರೂ ಅಂಥವರ ಗಡ್ಡೆಯ ಜೀವಕೋಶಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ.

ಗಡ್ಡೆ ಪಾಠ ಕಲಿಯುತ್ತದೆ

ಜೆಫಿಟಿನಿಬ್ ಕಾಲದಲ್ಲಿ ಮಾತ್ರೆಯ ಫಲ ಸಾಮಾನ್ಯವಾಗಿ ಹತ್ತು ತಿಂಗಳು ನಿಲ್ಲುತ್ತಿತ್ತು. ಆಮೇಲೆ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಹೀಗೆ ಮರುಕಳಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಗಡ್ಡೆಯಲ್ಲಿ ಹಳೆಯ ಮ್ಯುಟೇಶನ್ ಜೊತೆಗೆ ಹೊಸದೊಂದು ಸಿಕ್ಕಿತು. 790ನೆಯ ಸ್ಥಾನದ ಎ-ಸಿ-ಜಿ ಈಗ ಎ-ಟಿ-ಜಿ ಆಗಿತ್ತು. ಥ್ರಿಯೊನಿನ್ ಹೋಗಿ ಮೆಥಿಯೊನಿನ್ ಬಂದಿತ್ತು. ದಪ್ಪನೆಯ ಮೆಥಿಯೊನಿನ್ ಔಷಧಕ್ಕೆ ಅಡ್ಡ ನಿಂತಿದೆ ಎಂದು 2005ರಲ್ಲಿ ಎಲ್ಲರೂ ಅಂದುಕೊಂಡರು. 2008ರ ಹೊತ್ತಿಗೆ ನಿಜ ಸಂಗತಿ ಬೇರೆ ಎಂದು ತಿಳಿಯಿತು: ಔಷಧ ಇನ್ನೂ ಕುರ್ಚಿಯಲ್ಲಿ ಕೂರಬಲ್ಲದು, ಆದರೆ ಎಲ್858ಆರ್‌ನಿಂದ ಸಡಿಲವಾಗಿದ್ದ ಎಟಿಪಿಯ ಹಿಡಿತವನ್ನು ಟಿ790ಎಂ ಮತ್ತೆ ಬಿಗಿ ಮಾಡಿಕೊಟ್ಟಿತ್ತು. ಜೀವಕೋಶದಲ್ಲಿ ಎಟಿಪಿಗೆ ಬರವಿಲ್ಲ. ಸ್ಪರ್ಧೆಯಲ್ಲಿ ಔಷಧ ಸೋತಿತು.

ಪರಿಹಾರ ಈ ತಿಳಿವಳಿಕೆಯಿಂದಲೇ ಬಂತು. ಎಷ್ಟೇ ಎಟಿಪಿ ಬರಲಿ, ಒಮ್ಮೆ ಕೂತ ಔಷಧ ಏಳಬಾರದು. ಅದಕ್ಕೆ ಕುರ್ಚಿಗೇ ಸರಪಳಿ ಬಿಗಿಯಬೇಕು. ಒಸಿಮರ್ಟಿನಿಬ್ ಕುಳಿಯ ಅಂಚಿನಲ್ಲಿರುವ 797ನೆಯ ಸಿಸ್ಟೀನಿನ ಜೊತೆ ಬಿಡಿಸಲಾಗದ ಬಂಧ ಬೆಸೆಯುತ್ತದೆ. 2015ರ ನವೆಂಬರ್‌ನಲ್ಲಿ ಟಿ790ಎಂ ಇರುವವರಿಗೆಂದು ಒಪ್ಪಿಗೆ ಪಡೆದ ಈ ಮಾತ್ರೆಯನ್ನು ಮೊದಲ ಚಿಕಿತ್ಸೆಯಾಗಿಯೇ ಕೊಟ್ಟು ನೋಡಿದಾಗ ರೋಗ ಹತೋಟಿಯಲ್ಲಿದ್ದ ಮಧ್ಯಾಂಕ ಅವಧಿ 18.9 ತಿಂಗಳು, ಹಳೆಯ ಮಾತ್ರೆಗಳಲ್ಲಿ 10.2. ಕೀಮೊವನ್ನೂ ಜೊತೆಗೆ ಸೇರಿಸಿದ ಮುಂದಿನ ಅಧ್ಯಯನದಲ್ಲಿ 25.5 ತಿಂಗಳು ಬಂತು.

ಗಡ್ಡೆಗೆ ಇದಕ್ಕೂ ಉತ್ತರ ಸಿಕ್ಕಿತು. 797ನೆಯ ಸಿಸ್ಟೀನ್ ಸೀರಿನ್ ಆಗಿಬಿಟ್ಟರೆ ಗಂಧಕವಿಲ್ಲ, ಬಂಧವೂ ಇಲ್ಲ. ಟಿ790ಎಂ ಮತ್ತು ಸಿ797ಎಸ್ ಎರಡೂ ಇರುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಎರಡೂ ಡಿಎನ್‌ಎಯ ಒಂದೇ ಪ್ರತಿಯಲ್ಲಿವೆಯೇ, ಬೇರೆ ಬೇರೆ ಪ್ರತಿಗಳಲ್ಲಿವೆಯೇ? ಬೇರೆ ಪ್ರತಿಗಳಲ್ಲಿದ್ದರೆ ಹಳೆಯ ಮತ್ತು ಹೊಸ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟು ಎರಡನ್ನೂ ತಡೆಯುವ ಸಾಧ್ಯತೆಯಿದೆ. ಒಂದೇ ಪ್ರತಿಯಲ್ಲಿದ್ದರೆ ಈ ಜೋಡಿಯೂ ಸೋಲುತ್ತದೆ. ಎರಡೂ ಸಂದರ್ಭಗಳಲ್ಲಿ ಮ್ಯುಟೇಶನ್‌ಗಳ ಹೆಸರು ಒಂದೇ, ಅಕ್ಷರ ಒಂದೇ, ಇರುವ ಮಗ್ಗುಲು ಮಾತ್ರ ಬೇರೆ.

ಎಎಲ್‌ಕೆ ರೋಗಿಯೊಬ್ಬರ ವಿಚಾರ 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನನಗೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಕುತೂಹಲಕರ ಎನಿಸಿದ್ದು ಅದು. ಕ್ರಿಜೊಟಿನಿಬ್ ಸೋತ ಬಳಿಕ ಅವರಿಗೆ ಲೊರ್ಲಾಟಿನಿಬ್ ಕೊಟ್ಟರು, ಗಡ್ಡೆ ಕುಗ್ಗಿತು. ಆಮೇಲೆ ಅದೂ ಸೋತಿತು. ಗಡ್ಡೆಯನ್ನು ಮತ್ತೆ ಪರೀಕ್ಷಿಸಿದಾಗ ಸಿಕ್ಕ ಎಲ್1198ಎಫ್ ಎಂಬ ಹೊಸ ಮ್ಯುಟೇಶನ್ ಲೊರ್ಲಾಟಿನಿಬ್‌ಗೆ ಅಡ್ಡಿಯಾಗಿತ್ತು. ಆದರೆ ಅದೇ ಮ್ಯುಟೇಶನ್ ಕ್ರಿಜೊಟಿನಿಬ್‌ನ ಹಿಡಿತವನ್ನು ಬಲಪಡಿಸಿತ್ತು! ಕೈಬಿಟ್ಟಿದ್ದ ಹಳೆಯ ಮಾತ್ರೆಯನ್ನೇ ಮತ್ತೆ ಕೊಟ್ಟರು, ಅದು ಮತ್ತೆ ಕೆಲಸ ಮಾಡಿತು. ‘ಒಮ್ಮೆ ಸೋತ ಔಷಧ’ ಎಂದು ಬರೆದಿಟ್ಟ ಚೀಟಿಯನ್ನಷ್ಟೇ ನೋಡಿದ್ದರೆ ಆ ದಾರಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಕುಳಿಯ ಗೋಜಿಗೇ ಹೋಗದೆ ತಪ್ಪಿಸಿಕೊಳ್ಳುವ ಗಡ್ಡೆಗಳೂ ಇವೆ. ಎಂಇಟಿ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡು, ಇಜಿಎಫ್‌ಆರ್ ಮುಚ್ಚಿದ್ದರೂ ಪಕ್ಕದ ದಾರಿಯಿಂದ ಆದೇಶ ಸಾಗಿಸುತ್ತವೆ. ಇನ್ನು ಕೆಲವು ರೂಪವನ್ನೇ ಬದಲಿಸಿಕೊಂಡು ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯ ಕ್ಯಾನ್ಸರ್ ಆಗಿಬಿಡುತ್ತವೆ. ಆರಂಭದಲ್ಲೇ ಟಿಪಿ53 ಮತ್ತು ಆರ್‌ಬಿ1 ಎರಡೂ ಕೆಟ್ಟಿದ್ದವರಲ್ಲಿ ಈ ಅಪಾಯ ಹೆಚ್ಚು. ಇಜಿಎಫ್‌ಆರ್ ಮ್ಯುಟೇಶನ್ ಅಲ್ಲೇ ಇರುತ್ತದೆ, ಗಡ್ಡೆಗೆ ಅದರ ಹಂಗು ಮಾತ್ರ ಇರುವುದಿಲ್ಲ. ಆಗ ಬೇಕಾಗುವುದು ಸ್ಮಾಲ್ ಸೆಲ್‌ಗೆ ಕೊಡುವ ಕೀಮೊ.

ವರದಿ ಕೈಗೆ ಬಂದಾಗ

ಗಡ್ಡೆಯ ತುಣುಕು ಚಿಕ್ಕದಿದ್ದಾಗ ಒಂದೊಂದೇ ಜೀನನ್ನು ಸರದಿಯಲ್ಲಿ ಪರೀಕ್ಷಿಸುತ್ತ ಹೋದರೆ ಎರಡು ಮೂರು ಪರೀಕ್ಷೆಗಳಿಗೇ ತುಣುಕು ಮುಗಿಯುತ್ತದೆ. ಅನೇಕ ಜೀನ್‌ಗಳನ್ನು ಒಮ್ಮೆಗೇ ಓದುವ ಎನ್‌ಜಿಎಸ್ ವಿಧಾನಕ್ಕೆ ವೈದ್ಯರು ಒತ್ತು ಕೊಡುವುದು ಇದಕ್ಕೇ. ಡಿಎನ್‌ಎ ಮಾತ್ರ ಓದುವ ಪರೀಕ್ಷೆಯಲ್ಲಿ ಕೆಲವು ಬೆಸುಗೆಗಳು ತಪ್ಪಿಸಿಕೊಳ್ಳುತ್ತವೆ, ಡಿಎನ್‌ಎಯಿಂದ ನಕಲಾಗುವ ಆರ್‌ಎನ್‌ಎಯನ್ನೂ ಓದಿದರೆ ಸಿಗುತ್ತವೆ. ಮೂಳೆಯಿಂದ ತೆಗೆದ ತುಣುಕನ್ನು ಮೆದುಗೊಳಿಸಲು ಆಮ್ಲದಲ್ಲಿಟ್ಟಿದ್ದರೆ ಡಿಎನ್‌ಎ ಹಾಳಾಗಿ ಏನೂ ಓದಲಾಗದೆ ಹೋಗುವುದುಂಟು.

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಓದುವ ಲಿಕ್ವಿಡ್ ಬಯಾಪ್ಸಿಗೆ ಎಫ್‌ಡಿಎ ಮೊದಲ ಒಪ್ಪಿಗೆ ಕೊಟ್ಟದ್ದು 2016ರಲ್ಲಿ, ಇಜಿಎಫ್‌ಆರ್‌ಗಾಗಿಯೇ. ಅದರಲ್ಲಿ ಮ್ಯುಟೇಶನ್ ಕಂಡರೆ ನಂಬಬಹುದು. ಕಾಣದಿದ್ದರೆ ಇಲ್ಲವೆಂದೇ ಹೇಳಲಾಗದು. ಒಂದು ಅಧ್ಯಯನದಲ್ಲಿ ಗಡ್ಡೆಯಲ್ಲಿ ಟಿ790ಎಂ ಇದ್ದವರ ಪೈಕಿ ಶೇ 30 ಮಂದಿಯ ರಕ್ತದಲ್ಲಿ ಅದು ಸಿಕ್ಕಿರಲಿಲ್ಲ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿರುವುದಕ್ಕೂ ‘ಮಾದರಿ ಸಾಲದು’ ಎಂದಿರುವುದಕ್ಕೂ ಅಜಗಜಾಂತರವಿದೆ. ಎರಡನ್ನೂ ‘ನೆಗೆಟಿವ್’ ಎಂದು ಓದಿಕೊಂಡರೆ ಸಿಗಬೇಕಾದ ಮಾತ್ರೆ ಕೈತಪ್ಪಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಪೂರ್ತಿ ತೆಗೆದವರಿಗೂ ಈಗ ಈ ಪರೀಕ್ಷೆ ಬೇಕು. ಅಡೋರಾ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷ ಒಸಿಮರ್ಟಿನಿಬ್ ಪಡೆದವರಲ್ಲಿ ಐದು ವರ್ಷಗಳ ಬಳಿಕ ಶೇ 88 ಮಂದಿ ಬದುಕಿದ್ದರು, ಮಾತ್ರೆ ಸಿಗದ ಗುಂಪಿನಲ್ಲಿ ಶೇ 78.

ಕಾಯುವುದು ಎಲ್ಲಕ್ಕಿಂತ ಕಷ್ಟ. ಪರೀಕ್ಷೆಯ ಫಲಿತಾಂಶಕ್ಕೆ ವಾರಗಳೇ ಹಿಡಿಯಬಹುದು, ‘ಅಷ್ಟರಲ್ಲಿ ಇಮ್ಯುನೊಥೆರಪಿಯನ್ನಾದರೂ ಶುರು ಮಾಡಿ’ ಎನ್ನುವುದು ಮನೆಯವರ ಸಹಜ ಒತ್ತಾಯ. ಇಮ್ಯುನೊಥೆರಪಿ ಎಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ; ಇಜಿಎಫ್‌ಆರ್ ಮ್ಯುಟೇಶನ್ ಇರುವ ಗಡ್ಡೆಗಳು ಅದಕ್ಕೆ ಸಾಮಾನ್ಯವಾಗಿ ಸರಿಯಾಗಿ ಸ್ಪಂದಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಪ್ರಭಾವ ಮೈಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಮೊದಲು ಇಮ್ಯುನೊಥೆರಪಿ, ಬೆನ್ನಿಗೇ ಒಸಿಮರ್ಟಿನಿಬ್ ಪಡೆದ 41 ಮಂದಿಯಲ್ಲಿ 6 ಮಂದಿಗೆ ಶ್ವಾಸಕೋಶದ ಉರಿಯೂತವೂ ಸೇರಿದಂತೆ ತೀವ್ರ ತೊಂದರೆ ಕಾಣಿಸಿಕೊಂಡದ್ದು 2019ರಲ್ಲಿ ವರದಿಯಾಯಿತು. ಮೊದಲು ಒಸಿಮರ್ಟಿನಿಬ್, ಆಮೇಲೆ ಇಮ್ಯುನೊಥೆರಪಿ ಎಂಬ ಕ್ರಮದಲ್ಲಿ ಪಡೆದವರಲ್ಲಿ ಅಂಥ ತೊಂದರೆ ಕಾಣಲಿಲ್ಲ. ತಡೆಯಲಾಗದಷ್ಟು ರೋಗ ಮುಂದುವರಿದಿದ್ದರೆ ಅನೇಕ ವೈದ್ಯರು ವರದಿ ಬರುವವರೆಗೆ ಕೀಮೊ ಮಾತ್ರ ಕೊಟ್ಟು, ಇಮ್ಯುನೊಥೆರಪಿಯನ್ನು ಹೊರಗಿಡುವುದು ಈ ಕಾರಣಕ್ಕೆ.